ಎಡ ಹೆಬ್ಬೆರಳಿನ ಅನುಮತಿ

ಕೊಯಮತ್ತೂರು
ಫೆಬ್ರವರಿ 1936

ಮಾನ್ಯ ವಾರ್ಡನ್ ಮಹಾಶಯರೇ,

ತಮ್ಮ ವಿದ್ಯಾರ್ಥಿ ನಿಲಯದ ಹನ್ನೊಂದನೆಯ ಕೋಣೆಯ ದಂಡಪಾಣಿಗೆ ನಡತೆಯ ಸರ್ಟಿಫಿಕೇಟು ಕೊಡುವುದಿಲ್ಲವೆಂದು ತಾವು ನೋಟೀಸು ಕಳಿಸಿದ್ದೀರಿ. ಆ ಕಾಗದವಿಲ್ಲದೆ ಬರುವ ತಿಂಗಳ ಇಂಟರ್‌ಮೀಡಿಯಟ್ ಪರೀಕ್ಷೆಗೆ ಅವನನ್ನು ಕೂರಿಸುವುದಿಲ್ಲ. ಎರಡು ವರ್ಷದ ಓದು ಮಣ್ಣುಪಾಲು. ಅವನ ಅಪರಾಧವೇನೆಂದರೆ, ಪೋಷಕರ ಅನುಮತಿ ಪತ್ರದ ವಿಷಯದಲ್ಲಿ ಕಚೇರಿಯನ್ನು ವಂಚಿಸಿದ್ದು. ಸ್ವಾಮೀ, ವಂಚನೆ ನಡೆದೇ ಇಲ್ಲ. ಆ ಪತ್ರದಲ್ಲಿದ್ದಷ್ಟು ಸತ್ಯ ತಮ್ಮ ಕಚೇರಿಯ ಬೀರುವಿನಲ್ಲಿರುವ ಇನ್ನಾವ ಕಾಗದದಲ್ಲೂ ಇರಲಾರದು. ಅದನ್ನು ಪಂಕ್ತಿ ಪಂಕ್ತಿಯಾಗಿ ಬರೆದವನು ನಾನಾದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ತಾವು ಮೈಸೂರು ಸೀಮೆಯವರು, ಮನೆಮಾತು ಕನ್ನಡ ಎಂದು ಕೇಳಿ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ನೇಕಾರರ ಬೀದಿಯಲ್ಲೂ ಮನೆಯೊಳಗೆ ಕನ್ನಡವೇ. ಆದರೆ ಅದರ ಅಕ್ಷರ ಬಲ್ಲವರು ಬೀದಿಗೆಲ್ಲ ಮೂವರು. ಆದ್ದರಿಂದ ನಾನು ತಮಾಷೆ ಬರೆಯುವ ಪತ್ರಿಕೆಯಲ್ಲಿ ಅಚ್ಚಾದರೂ ಈ ಪತ್ರ ನಮ್ಮ ಮಟ್ಟಿಗೆ ಗುಟ್ಟಾಗಿಯೇ ಉಳಿಯುತ್ತದೆ. ತಮ್ಮ ಮಾನಕ್ಕೆ ಇದಕ್ಕಿಂತ ಹೆಚ್ಚಿನ ರಕ್ಷಣೆ ನಾನು ಒದಗಿಸಲಾರೆ.

ರಕ್ಷಣೆ ಎಂದೊಡನೆ ತಮ್ಮ ಕೀರ್ತಿಯೇ ನೆನಪಾಗುತ್ತದೆ. ಕಳೆದ ಜೂನ್‌ನಲ್ಲಿ ತಾವು ಅಧಿಕಾರ ವಹಿಸಿಕೊಂಡಂದಿನಿಂದ ಆ ನಿಲಯದಲ್ಲಿ ಒಬ್ಬ ಹುಡುಗನಿಗೂ ನೆಗಡಿಯಾಗಿಲ್ಲವಂತೆ. ಆಗುವುದಾದರೂ ಹೇಗೆ? ಸಂಜೆ ಆರಕ್ಕೆ ಕಿಟಕಿ ಮುಚ್ಚುತ್ತದೆ, ಎಂಟೂವರೆಗೆ ಹಾಲಿನ ಗಂಟೆ ಹೊಡೆಯುತ್ತದೆ. ಬಾವಿಗೆ ಬೀಗ, ಸೈಕಲ್ಲಿಗೆ ಸರಪಳಿ. ಕಾಲು ಮುರಿದೀತೆಂದು ಫುಟ್‌ಬಾಲನ್ನು ಕಪಾಟಿನಲ್ಲಿಟ್ಟು, ಎಸೆದು ಹಿಡಿದು ಆಡಲು ಹುಡುಗರ ಕೈಗೆ ರಬ್ಬರ್ ಬಳೆ ಕೊಟ್ಟಿದ್ದೀರಿ. ಮೊನ್ನೆ ಸಸ್ಯಶಾಸ್ತ್ರದ ತರಗತಿಯನ್ನು ತೊಂಡಾಮುತ್ತೂರಿನ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋದರಷ್ಟೆ? ಇಬ್ಬನಿ ಸೋಕೀತೆಂದು ಬಸ್ಸಿನ ಎರಡು ಕಡೆಯ ಪರದೆಗಳನ್ನೂ ಇಳಿಸಿ ಕೂರಿಸಿದ್ದರಂತೆ. ಹುಡುಗರು ಕಾಡನ್ನು ಮೂಗಿನಿಂದ ಅಭ್ಯಾಸ ಮಾಡಿ, ಹಾಗೇ ಹಿಂದಿರುಗಿದರು. ಕಾಡಿಗೆ ಹೋಗಿ ಒಂದು ಎಲೆಯನ್ನೂ ಮುಟ್ಟದೆ ಬಂದ ಸಸ್ಯಶಾಸ್ತ್ರಜ್ಞರು ಲೋಕದಲ್ಲಿ ಇವರೇ ಮೊದಲಿಗರಿರಬೇಕು.

ನವೆಂಬರಿನಲ್ಲಿ ನಡೆದ ಚರ್ಚಾಕೂಟಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಷಯ, ‘ಮುಂಜಾನೆಯ ಗಾಳಿ ಆರೋಗ್ಯಕ್ಕೆ ಹಿತಕರ’. ಮಕ್ಕಳ ಮನಸ್ಸು ಕೆಡದಂಥ ವಿಷಯಗಳ ಪಟ್ಟಿಯಿಂದ ತಾವೇ ಆರಿಸಿದ್ದಂತೆ. ವಿರೋಧ ಪಕ್ಷದ ಹುಡುಗ ಮೇಲೆದ್ದ. ಒಳ್ಳೆ ಎತ್ತರದ ಆಳು, ಮೀಸೆ ಬೇರೆ ಇತ್ತು. ಎದ್ದವನು ನನ್ನನ್ನು ನೋಡಲಿಲ್ಲ, ಸಭೆಯನ್ನು ನೋಡಲಿಲ್ಲ. ತಮ್ಮ ಕುರ್ಚಿಯತ್ತ ತಿರುಗಿ, “ಸಾರ್, ವಿರೋಧಿಸಬಹುದಾ ಸಾರ್?” ಎಂದು ಕೇಳಿದ. ತಾವು, “ಮಿತವಾಗಿ” ಎಂದಿರಿ. ಅವನು ಎಷ್ಟು ಮಿತವಾಗಿ ವಿರೋಧಿಸಿದನೆಂದರೆ, ಮುಂಜಾನೆಯ ಗಾಳಿ ಸರ್ವಾನುಮತದಿಂದ ಗೆದ್ದಿತು. ಬಹುಮಾನವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ನಾನು ಎರಡೂ ಪಕ್ಷಕ್ಕೆ ಹಂಚಿ ಬಂದೆ.

ಅದೆಲ್ಲ ನಕ್ಕು ಮರೆಯುವ ಮಾತು. ಈಗ ದಂಡಪಾಣಿಯ ವಿಷಯಕ್ಕೆ ಬರುತ್ತೇನೆ.

ಇವನಿಗೆ ಇಪ್ಪತ್ತು ವರ್ಷ. ತಂದೆ ತೀರಿ ಮೂರು ವರ್ಷವಾಯಿತು. ತಾಯಿ ಅದಕ್ಕೂ ಮೊದಲೇ ಹೋದಳು. ಮನೆಯಲ್ಲಿರುವವರು ಅಜ್ಜಿ ಬೆಳ್ಳಿಯಮ್ಮ, ಹೆಂಡತಿ ಸಾಂತಿ, ಮತ್ತು ಲಿಂಗಸಾಮಿ ಎಂಬೊಬ್ಬರು. ಇವರ ಪರಿಚಯವನ್ನು ಮುಂದೆ ಸಾವಕಾಶವಾಗಿ ಮಾಡಿಕೊಡುತ್ತೇನೆ. ಎರಡು ಮಗ್ಗಗಳಿವೆ. ಹಗಲೆಲ್ಲ ಅಜ್ಜಿ, ಮೊಮ್ಮಗನ ಹೆಂಡತಿ ಇಬ್ಬರೂ ನೇಯುತ್ತಾರೆ. ಆದರೆ ನೇಯುವುದಕ್ಕೆ ಮೊದಲು ಹಾಸು ಸಿದ್ಧವಾಗಬೇಕಲ್ಲ? ಸೀರೆಯ ಉದ್ದದ ಎಳೆಗಳನ್ನೆಲ್ಲ ಬೆಳ್ಳಂಬೆಳಗ್ಗೆ ಬೀದಿಯುದ್ದಕ್ಕೂ ಚಾಚಿ, ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲು ಏರುವುದರೊಳಗೆ ಸುತ್ತಿ ಒಳಗೆ ತರಬೇಕು. ನಡುವೆ ಎಳೆ ಕಡಿದರೆ ಗಂಜಿ ಒಣಗುವ ಮುಂಚೆಯೇ ಕಟ್ಟಬೇಕು. ಒಂದು ಮನೆಯ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ ಇದೆ: ಯಾರ ಮನೆಯ ಹಾಸೇ ಇರಲಿ, ಪ್ರತಿ ಮನೆಯಿಂದ ಒಬ್ಬ ಗಂಡಾಳು ಬಂದು ನಿಲ್ಲಬೇಕು. ನೀವು ನನ್ನ ಹಾಸಿನ ಕೆಲಸಕ್ಕೆ ಬಾರದಿದ್ದರೆ ನಾನು ನಿಮ್ಮದಕ್ಕೆ ಬರುವುದಿಲ್ಲ. ಇದರಲ್ಲಿ ಜಗಳವೂ ಇಲ್ಲ, ದಯೆಯೂ ಇಲ್ಲ.

ತಮಗಿಂತ ಹಿಂದಿದ್ದ ವಾರ್ಡನ್‌ರ ಕಾಲದಲ್ಲಿ ದಂಡಪಾಣಿ ತಿಂಗಳಿಗೊಂದೆರಡು ಬೆಳಗ್ಗೆ ಸೈಕಲ್ ಹತ್ತಿ ಬಂದು, ಹಾಸು ಹಿಡಿದು, ಒಂಬತ್ತರ ಹೊತ್ತಿಗೆ ತರಗತಿಯಲ್ಲಿರುತ್ತಿದ್ದ. ಹಾಸಿನ ತಲೆಯ ಕಡೆ ಅವನು ನಿಂತು, “ಎಳೀರಿ... ಬಿಡಿ... ಕೆಳಗಿನ ಎಳೆ ನೋಡ್ರೀ ಮಾಮಾ!” ಎಂದು ಕೂಗಿದರೆ, ಅವನ ಎರಡರಷ್ಟು ವಯಸ್ಸಿನ ಹನ್ನೆರಡು ಮಂದಿ ಹೇಳಿದಂತೆ ಕೇಳುತ್ತಿದ್ದರು. ಅದನ್ನು ನಾನು ಜಗುಲಿಯ ಮೇಲೆ ಕುಳಿತು ಕಂಡಿದ್ದೇನೆ.

ತಾವು ಬಂದ ಮೇಲೆ ಹೊಸ ನಿಯಮ ಬಂತು. ಗೇಟು ದಾಟಬೇಕಾದರೆ ತಂದೆಯ ಅನುಮತಿ ಪತ್ರ ಬೇಕು. ತಂದೆ ಇಲ್ಲದಿದ್ದರೆ ‘ಅದೇ ಮನೆಯಲ್ಲಿ ವಾಸಿಸುವ, ಅದೇ ಕುಟುಂಬದ, ಪುರುಷ ಪೋಷಕ’ರದು. ದಂಡಪಾಣಿ ಮೊದಲು ತಾನೇ ಸಹಿ ಹಾಕಿ ಕೊಟ್ಟ. ಮನೆಯ ಯಜಮಾನ ಅವನೇ ತಾನೆ? ಪುರಸಭೆಯ ತೆರಿಗೆ ಚೀಟಿ ಅವನ ಹೆಸರಿಗೇ ಬರುತ್ತದೆ. ತಮ್ಮ ಗುಮಾಸ್ತರು, “ನಿನಗೆ ನೀನೇ ಅನುಮತಿ ಕೊಟ್ಟುಕೊಳ್ತೀಯೇನಪ್ಪಾ?” ಎಂದು ಹಿಂದಕ್ಕೆ ಕೊಟ್ಟರು. ಪೊಳ್ಳಾಚಿಯ ಸೋದರಮಾವ ವೆಂಕಟಾಚಲಂ ಬರೆದ ಪತ್ರಕ್ಕೆ, ಬೇರೆ ಮನೆ ಎಂದರು. ಅಜ್ಜಿಯ ಹೆಬ್ಬೆಟ್ಟಿಗೆ, ಹೆಂಗಸು ಎಂದರು. ಆ ಹೆಂಗಸು ಅವನನ್ನು ಎತ್ತಿ ಸಾಕಿದ್ದಾಳೆ, ಮಗನನ್ನು ಮಣ್ಣು ಮಾಡಿದ್ದಾಳೆ, ಎರಡು ಮಗ್ಗಗಳನ್ನು ನಿಲ್ಲದಂತೆ ನಡೆಸಿದ್ದಾಳೆ. ಮೊಮ್ಮಗ ಬೆಳಗ್ಗೆ ಮನೆಗೆ ಬರಬಹುದೇ ಎಂದು ತೀರ್ಮಾನಿಸುವ ಯೋಗ್ಯತೆ ಮಾತ್ರ ಇನ್ನೂ ಬಂದಿಲ್ಲ.

ಅವನಿಲ್ಲದಿದ್ದರೂ ಬೆಳ್ಳಿಯಮ್ಮನ ಹಾಸನ್ನು ಮೂರು ಸಲ ಬೀದಿಯವರೇ ಹಿಡಿದುಕೊಟ್ಟು ಸಹಿಸಿಕೊಂಡರು. ಜನವರಿಯಲ್ಲಿ ಮತ್ತೆ ಅವಳ ಸರದಿ ಬಂದಾಗ ಹಿರಿಯರು ಬಂದು, “ಈ ಸಲ ನಿಮ್ಮ ಮನೆ ಗಂಡಾಳು ನಿಲ್ಲದೆ ಇದ್ರೆ ನಾವೂ ನಿಲ್ಲೋದಿಲ್ಲ ತಾಯಿ” ಎಂದು ಸಮಾಧಾನವಾಗಿಯೇ ಹೇಳಿ ಹೋದರು. ಮುದುಕಿ ತಮ್ಮ ಇಂಗ್ಲಿಷ್ ಫಾರಂ ಹಿಡಿದುಕೊಂಡು ನನ್ನನ್ನು ಕರೆಸಿದಳು. ನಾನು ಶಾಲೆಯ ನಿವೃತ್ತ ಮೇಷ್ಟರು. ಬೀದಿಯವರು ವಾತಿಯಾರ್ ಅನ್ನುತ್ತಾರೆ. ಯಾರ ಮನೆಗೆ ಮೊಹರಿನ ಕಾಗದ ಬಂದರೂ ಓದಿ ಹೇಳುವುದು ನಾನೇ.

“ಅದರಲ್ಲಿ ಏನು ಬರ್ದವ್ರೆ ವಾತಿಯಾರೇ? ಒಂದೊಂದಾಗಿ ಹೇಳಿ.”

“ಇದೇ ಮನೆಯವನಾಗಿರಬೇಕು ಅಜ್ಜಿ.”

“ಸರಿ.”

“ನಿಮ್ಮ ಕುಟುಂಬದವನೇ ಆಗಿರಬೇಕು.”

“ಸರಿ.”

“ಗಂಡಸಾಗಿರಬೇಕು. ಓದುಬರಹ ಬಾರದಿದ್ದರೆ ಎಡಗೈ ಹೆಬ್ಬೆರಳು ಒತ್ತಿದರೆ ಸಾಕು.” ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನ ನಾಲಗೆ ಎಲ್ಲಿ ಸುಮ್ಮನಿರುತ್ತದೆ? ತೊಟ್ಟಿಲ ಕಡೆ ಕೈ ತೋರಿಸಿ, “ಈ ಮೂರೂ ಲಕ್ಷಣ ಇರೋರು ಅಂದ್ರೆ, ಅಗೋ, ಅವರೊಬ್ಬರೇ!” ಎಂದುಬಿಟ್ಟೆ.

ತೊಟ್ಟಿಲಲ್ಲಿದ್ದವರು ಶ್ರೀಮಾನ್ ಲಿಂಗಸಾಮಿಯವರು, ದಂಡಪಾಣಿಯ ಮಗ. ವಯಸ್ಸು ಆಗ ನಾಲ್ಕು ತಿಂಗಳು.

ನಾನು ನಕ್ಕೆ. ಸಾಂತಿ ನಕ್ಕಳು. ಬೆಳ್ಳಿಯಮ್ಮ ನಗಲಿಲ್ಲ. ಇಪ್ಪತ್ತು ವರ್ಷದಿಂದ ನಾನು ತಮಾಷೆ ಬರೆಯುತ್ತಿದ್ದೇನೆ, ಸ್ವಾಮೀ; ಅದನ್ನು ನಂಬಿ ಒಬ್ಬರು ಕಾರ್ಯಕ್ಕಿಳಿದದ್ದು ಅದೇ ಮೊದಲು.

“ಗಂಡ್ಸು ಅಂದ್ರೆ ಮೀಸೆ ಇರ್ಬೇಕು ಅಂತ ಬರ್ದವ್ರಾ?” ಎಂದು ಕೇಳಿದಳು.

“ಇಲ್ಲ ಅಜ್ಜಿ. ಮೀಸೆಯ ಮಾತಿಲ್ಲ.”

“ಹಲ್ಲು?”

“ಹಲ್ಲಿನ ಮಾತೂ ಇಲ್ಲ.”

“ಮತ್ತೇನು ಯೋಚ್ನೆ? ಏ ಸಾಂತಿ, ನೂಲಿಗೆ ಹಾಕೋ ನೀಲಿ ಬಣ್ಣ ತಾಮ್ಮಾ. ಮಗೂನ ಎತ್ಕೊ.”

“ಅಯ್ಯೋ ಅಜ್ಜಿ, ಬೆರಳು ಬಾಯಿಗಿಡ್ತಾನೆ!”

“ಒರೆಸ್ಬಿಟ್ಟು ಆಮೇಲೆ ಇಟ್ಕೊಳ್ಳಲಿ. ಕಾಲೇಜು ಕಾಗ್ದ ಮೊದ್ಲು.”

ಮೊದಲ ಗುರುತು ನನ್ನ ಪಂಚೆಯ ಮೇಲೆ ಬಿತ್ತು. ಎರಡನೆಯದು ಫಾರಮ್ಮಿನಲ್ಲಿ ಸರಿಯಾದ ಜಾಗಕ್ಕೇ ಬಿತ್ತು, ಕಡಲೆಕಾಳಿನಷ್ಟು ದೊಡ್ಡದಾಗಿ. ನಾನು ತಡೆಯಲಿಲ್ಲ. ತಡೆಯುವುದಿರಲಿ, ಉಳಿದ ಅಂಕಣಗಳನ್ನು ನನ್ನ ಕೈಯಾರೆ ತುಂಬಿದೆ. ಪೋಷಕರ ಹೆಸರು, ಲಿಂಗಸಾಮಿ. ವಯಸ್ಸು, ನಾಲ್ಕು ತಿಂಗಳು. ಉದ್ಯೋಗ, ಸದ್ಯಕ್ಕೆ ಇಲ್ಲ. ವಿದ್ಯಾರ್ಥಿಗೂ ತಮಗೂ ಇರುವ ಸಂಬಂಧ: ‘ವಿದ್ಯಾರ್ಥಿಯು ನನ್ನ ತಂದೆ’. ಎಲ್ಲವೂ ಇಂಗ್ಲಿಷಿನಲ್ಲಿ, ದುಂಡಾದ ಅಕ್ಷರದಲ್ಲಿ. ಇದರಲ್ಲಿ ಸುಳ್ಳೆಲ್ಲಿದೆ, ದಯವಿಟ್ಟು ತೋರಿಸಿ. ನಾನಂತೂ ಆ ಕಾಗದ ಕಚೇರಿಯ ಮೊದಲ ಮೇಜಿನಲ್ಲೇ ಸಿಕ್ಕಿಬೀಳುತ್ತದೆ, ನಾಲ್ಕು ಜನ ನಗುತ್ತಾರೆ, ನಿಯಮ ಎಷ್ಟು ಹುಚ್ಚೆಂದು ಯಾರಿಗಾದರೂ ಹೊಳೆಯುತ್ತದೆ ಎಂದುಕೊಂಡಿದ್ದೆ. ತಮ್ಮ ಗುಮಾಸ್ತರು ಅದನ್ನು ನೋಡಿ ಗುರುತು ಹಾಕಿದರು. ಸಹಾಯಕ ವಾರ್ಡನ್‌ರು ನೋಡಿ ಗುರುತು ಹಾಕಿದರು. ಕೊನೆಗೆ ‘ಅನುಮತಿಸಲಾಗಿದೆ’ ಎಂದು ಹಸಿರು ಮಸಿಯಲ್ಲಿ ಬರೆದು ಸಹಿ ಹಾಕಿದವರು ತಾವು. ನಾಲ್ಕು ತಿಂಗಳ ಮಗುವಿನ ಮಾತಿಗೆ ತಾವು ಕೊಟ್ಟ ಬೆಲೆಯನ್ನು ಇಪ್ಪತ್ತು ವರ್ಷದ ಅವನ ತಂದೆಯ ಮಾತಿಗೆ ಕೊಡಲಿಲ್ಲವಲ್ಲ! ಮಗುವಿಗೆ ಕಾನೂನಿನ ಪ್ರಕಾರ ಪೋಷಕ ದಂಡಪಾಣಿ, ದಂಡಪಾಣಿಗೆ ತಮ್ಮ ಪ್ರಕಾರ ಪೋಷಕ ಮಗು. ಇವರಿಬ್ಬರಲ್ಲಿ ಯಾರು ಯಾರನ್ನು ಹೊರಗೆ ಬಿಡಬೇಕೆಂದು ಮದರಾಸಿನ ಹೈಕೋರ್ಟನ್ನೇ ಕೇಳಬೇಕೇನೋ.

ದಂಡಪಾಣಿಗೆ ಇದು ಯಾವುದೂ ಗೊತ್ತಿರಲಿಲ್ಲ. ಫಾರಂ ಅಂಚೆಯಲ್ಲಿ ಹೋಯಿತು, ಅನುಮತಿ ಬಂತು, ಅವನೂ ಬಂದ. ಇಲ್ಲಿಂದ ಮುಂದೆ ಸ್ವಲ್ಪ ಹೊತ್ತು ನನಗೆ ತಮಾಷೆ ಮಾಡಲಾಗುವುದಿಲ್ಲ, ಕ್ಷಮಿಸಬೇಕು.

ಆ ಬೆಳಗ್ಗೆ ಬೀದಿ ತುಂಬ ಜನ ನಿಂತಿದ್ದರು. ಗಂಜಿ ಬಳಿದಾಗಿತ್ತು. ತಲೆಯ ಕಡೆ ದಂಡಪಾಣಿ. ನಡುವೆ ಒಂದು ಕಡೆ ಏಳೆಂಟು ಎಳೆ ಒಟ್ಟಿಗೆ ಕಡಿಯಿತು. ಎಲ್ಲರೂ ಅವನ ಮುಖ ನೋಡಿದರು. ಅವನು ಹಿಂದೆ ತಿರುಗಿದ; ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರನ್ನೋ ಕೇಳಬೇಕು, ಆದರೆ ಯಾರನ್ನು ಎಂದು ತಿಳಿಯದವನ ಹಾಗೆ. ಗೋವಿಂದಸಾಮಿ ಎಂಬ ಹಿರಿಯ ನೇಕಾರರು, “ಏನ್ ತಂಬಿ, ನಿಲ್ಸೋದಾ, ಎಳೆಯೋದಾ?” ಎಂದು ಕೂಗಿದರು. ಇವನು ಮೆಲ್ಲಗೆ, “ನೀವೇ ಹೇಳಿ ಮಾಮಾ” ಎಂದ. ಅಷ್ಟು ಹೊತ್ತಿಗೆ ಗಂಜಿ ಒಣಗಿ ಹಿಡಿದಿತ್ತು. ಒಂದೂವರೆ ಮೊಳ ಹಾಸು ಕೆಟ್ಟಿತು. ಅದೇನು ದೊಡ್ಡ ನಷ್ಟವಲ್ಲ, ಯಾರೂ ಅವನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನು ಹೋದ ಮೇಲೆ ಬೆಳ್ಳಿಯಮ್ಮ ನನ್ನ ಬಳಿ ಬಂದು, “ಹುಡುಗನಿಗೆ ಏನೋ ಆಗಿದೆ ವಾತಿಯಾರೇ” ಎಂದಳು. “ಹಿತ್ತಲಿಗೆ ಹೋಗೋಕೂ ನನ್ನ ಕೇಳ್ತಾನೆ. ಹೋಗಲಾ ಅಜ್ಜಿ, ಬರಲಾ ಅಜ್ಜಿ ಅಂತಾನೆ. ಮುಂಚೆ ಹೀಗಿರ್ಲಿಲ್ಲ. ಕಾಲೇಜಲ್ಲಿ ಹೊಡೀತಾರಾ?”

“ಇಲ್ಲ ಅಜ್ಜಿ, ತುಂಬ ಚೆನ್ನಾಗಿ ನೋಡ್ಕೋತಾರೆ” ಎಂದೆ.

ನಿಜವನ್ನೇ ಹೇಳಿದೆ, ವಾರ್ಡನ್‌ರೇ. ತಮ್ಮ ಮೇಲೆ ನನಗಿರುವ ದೂರು ಅದೊಂದೇ.

ಇನ್ನು ತಮ್ಮನ್ನು ಕೆರಳಿಸಿದ ಪೋಷಕರ ಸಭೆ. ಫೆಬ್ರವರಿ ಎಂಟನೇ ತಾರೀಕು ಕಾಲೇಜಿನ ಸಭಾಂಗಣದಲ್ಲಿ ಮುನ್ನೂರು ಜನ ಸೇರಿದ್ದರು. ಅನುಮತಿ ಪತ್ರವನ್ನು ಒಂದು ತಪ್ಪಿಲ್ಲದೆ ತುಂಬಿ ಕಳಿಸಿದ ಮಾದರಿ ಪೋಷಕರೆಂದು ತಾವು ಐದು ಹೆಸರು ಓದಿದಿರಿ. ಮೂರನೆಯದಾಗಿ, “ಶ್ರೀ ಲಿಂಗಸಾಮಿ ಅವರು ಬಂದಿದ್ದಾರೆಯೇ? ದಯವಿಟ್ಟು ಎದ್ದು ನಿಲ್ಲಬೇಕು” ಎಂದಿರಿ.

ಹಿಂದಿನ ಸಾಲಿನಿಂದ ಬೆಳ್ಳಿಯಮ್ಮ, “ಬಂದವ್ರೆ ಸಾಮೀ! ನಿಲ್ಲೋಕ್ ಆಗಲ್ಲ, ನಾನೇ ಎತ್ತಿ ತೋರಿಸ್ತೀನಿ!” ಎಂದು ಎರಡೂ ಕೈಯಲ್ಲಿ ಪೋಷಕರನ್ನು ತಲೆಯ ಮೇಲಕ್ಕೆತ್ತಿದಳು. ಪೋಷಕರು ಸಭೆಯನ್ನು ಒಮ್ಮೆ ನೋಡಿ ಆಕಳಿಸಿದರು. ಮುನ್ನೂರು ಜನ ನಕ್ಕರು. ಮೀಸೆಯ ಆ ಚರ್ಚಾಪಟುವಂತೂ ಯಾರ ಅಪ್ಪಣೆಯನ್ನೂ ಕೇಳದೆ ನಕ್ಕ. ನನ್ನ ಕಣ್ಣಾರೆ ಕಂಡೆ. ನಗದವರು ಇಬ್ಬರೇ, ತಾವು ಮತ್ತು ದಂಡಪಾಣಿ. ಅವನ ಮುಖ ಸುಣ್ಣದ ಹಾಗಾಗಿತ್ತು.

ಮಾರನೆಯ ದಿನವೇ ತಮ್ಮ ನೋಟೀಸು ಬಂತು. ವಂಚನೆಗಾಗಿ ‘ಪೋಷಕರು ಖುದ್ದಾಗಿ ಹಾಜರಾಗಿ ಕ್ಷಮೆ ಕೇಳುವವರೆಗೆ’ ಸರ್ಟಿಫಿಕೇಟಿಲ್ಲ. ತಮ್ಮ ಕಚೇರಿಯ ದಫ್ತರಿನಲ್ಲಿ ಪೋಷಕರೆಂದು ಈ ಹೊತ್ತಿಗೂ ಇರುವ ಹೆಸರು ಲಿಂಗಸಾಮಿಯವರದೇ. ಅವರಿಗೀಗ ಐದು ತಿಂಗಳು. ಮಗ್ಗುಲಾಗಲು ಕಲಿತಿದ್ದಾರೆ. ಮಾತಿಗೆ ಇನ್ನೂ ಒಂದು ವರ್ಷ ಬೇಕೆಂದು ಬೆಳ್ಳಿಯಮ್ಮನ ಅಂದಾಜು. ಕ್ಷಮೆ ಕೇಳುವಂಥ ಮಾತಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಪರೀಕ್ಷೆಯನ್ನು ಮುಂದೂಡಲು ಯೂನಿವರ್ಸಿಟಿಯವರು ಒಪ್ಪಿದರೆ ನಮ್ಮದೇನೂ ಅಭ್ಯಂತರವಿಲ್ಲ.

ಒಪ್ಪದಿದ್ದರೆ ನನ್ನ ಬೇಡಿಕೆ ಇದು. ಫಾರಂ ಬರೆದವನು ನಾನು, ತಮಾಷೆ ನನ್ನದು, ಕೆಟ್ಟದ್ದು ಅವನ ಹೆಸರು. ಶಿಕ್ಷೆ ನನಗೆ ಕೊಡಿ. ಬೇಕಾದರೆ ತಮ್ಮ ನಿಲಯದಲ್ಲಿ ಒಂದು ತಿಂಗಳು ನನ್ನನ್ನು ಕೂಡಿಹಾಕಿ, ಎಂಟೂವರೆಗೆ ಹಾಲು ಕುಡಿಸಿ. ದಂಡಪಾಣಿಗೆ ಮಾತ್ರ ಈ ವಾರದೊಳಗೆ ಸರ್ಟಿಫಿಕೇಟು ಕೊಡಿ. ಕೊಡುವಾಗ ಇನ್ನೊಂದು ಉಪಕಾರವಾಗಬೇಕು: ಆ ಕಾಗದವನ್ನು ಅಂಚೆಯಲ್ಲಿ ನಮಗೆ ಕಳಿಸಬೇಡಿ, ಗುಮಾಸ್ತರ ಕೈಯಲ್ಲೂ ಕೊಡಿಸಬೇಡಿ. ತಾವೇ ಅವನನ್ನು ಕರೆದು, ಕೈಗೆ ಕೊಟ್ಟು, “ಇನ್ನು ಮೇಲೆ ನಿನಗೆ ಸರಿ ಕಂಡಂತೆ ಮಾಡಪ್ಪಾ” ಎಂದು ಹೇಳಿ. ನಾವು ಹೇಳಿ ನೋಡಿದೆವು. ಅವನು, “ವಾರ್ಡನ್ ಸಾರ್ ಒಪ್ತಾರಾ?” ಎಂದು ಕೇಳುತ್ತಾನೆ.

ಇಂತಿ,
ಪಂಚೆಯ ಮೇಲಿನ ನೀಲಿ ಗುರುತು ಎಷ್ಟು ಒಗೆದರೂ ಹೋಗದೆ ಕಂಗಾಲಾಗಿರುವ,
ನೇಕಾರರ ಬೀದಿಯ ವಾತಿಯಾರ್