ಗಾಳಿ ಬೀಸುವ ಮಗ್ಗುಲು

ಕವಿಂಬಿ, ರುಂಫಿ, ಮಲಾವಿ
9 ಅಕ್ಟೋಬರ್ 1988

ಪ್ರೀತಿಯ ವೇಜಿ,

ನಿನ್ನ ಟೊವೆರಾ ಅಕ್ಕನ ನೆನಪುಗಳು. ನೀನು, ಖುಂಬೊ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಷ್ಟೆ? ಬರೆಯಲು ಕೂತು ಕೂತು ಎದ್ದುಬಿಡುತ್ತಿದ್ದೆ, ಅದಕ್ಕೇ ತಡವಾಯಿತು. ಬೈಯಬೇಡ, ಪೂರ್ತಿ ಓದು.

ಈ ವರ್ಷ ನಾನೇ ಇಟ್ಟಿಗೆ ಸುಟ್ಟೆ ಕಣೇ! ಮಗ ಲುಂಬಾನಿಗೆ ಮದುವೆಯಾಯಿತಲ್ಲ, ಅವನಿಗೊಂದು ಮನೆ ಬೇಕು. ಇಟ್ಟಿಗೆಯ ಮಣ್ಣಿಗೆಂದು ಹೊಲದಂಚಿನ ದೊಡ್ಡ ಹುತ್ತವನ್ನೇ ಅಗೆಸಿದೆ. ಮಣ್ಣು ತುಳಿಯುವಾಗೆಲ್ಲ ನೀನು ಪಕ್ಕದಲ್ಲೇ ಇದ್ದ ಹಾಗಾಗುತ್ತಿತ್ತು. ಶಾಲೆ ಕಟ್ಟಲೆಂದು ಗೊಂಡ್ವೆ ಮೇಸ್ತ್ರಿ ಬಂದು ನಮಗೆ ಇಟ್ಟಿಗೆ ಕಲಿಸಿದ ಬೇಸಿಗೆ ನೆನಪಿದೆಯಾ? ತಡಿಕೆಗೆ ಮಣ್ಣು ಮೆತ್ತಿದ ಗೋಡೆ ಬಿಟ್ಟು ನಮ್ಮೂರು ಅದುವರೆಗೆ ಬೇರೆ ಕಂಡಿರಲಿಲ್ಲ. ಅಚ್ಚಿಗೆ ಮರಳು ಉದುರಿಸುವುದನ್ನು ನೀನು ಮರೆತೆ. ನಿನ್ನ ಮೊದಲ ಇಟ್ಟಿಗೆ ಅರ್ಧ ಅಚ್ಚಲ್ಲೇ ಉಳಿದು, ಅರ್ಧ ನೆಲಕ್ಕೆ ಬಿತ್ತು.

"ಏನಮ್ಮಾ ಮದುಮಗಳೇ, ಮುದ್ದೆ ಮಾಡಿದ್ದೀಯ, ಸೊಪ್ಪಿನ ಸಾರೆಲ್ಲಿ?" ಎಂದರು ಮೇಸ್ತ್ರಿ.

ನೀನು ಬಿಡುತ್ತೀಯಾ? "ಹಲ್ಲಿಲ್ಲದ ಬಾಯಿಗೆ ಸಾರು ಯಾಕೆ, ಹಂಗೇ ನುಂಗಿ ತಾತ!" ಅಂದೆ.

ಅವ್ವ ನಕ್ಕ ನಗೆಗೆ ತಲೆಯ ಮೇಲಿದ್ದ ನೀರಿನ ಮಡಕೆಯೇ ಬಿದ್ದು ಒಡೆಯಿತು. ಅವಳು ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಸುಟ್ಟ ಇಟ್ಟಿಗೆಯ ಗೂಡು ಬಿಚ್ಚಿದ ದಿನವನ್ನು ನಿನಗೆ ನಾನೇನು ನೆನಪಿಸಲಿ? ಬೆಟ್ಟದ ಕಡೆಯ ಇಟ್ಟಿಗೆಯೆಲ್ಲ ಹಸಿ. ಗೂಡು ಉರಿಯುವಷ್ಟು ದಿನ ಗಂಡ ಹೆಂಡಿರು ಜೊತೆಗೆ ಮಲಗಬಾರದು, ಮಲಗಿದರೆ ಇಟ್ಟಿಗೆ ಬೇಯದು ಎಂಬುದು ಕಟ್ಟಳೆ. ಊರಲ್ಲಿ ಹೊಸ ಜೋಡಿ ನೀನು ಮತ್ತು ಖುಂಬೊ ಮಾತ್ರ. ಎಲ್ಲರಿಗಿಂತ ಮೊದಲು ಬಾಯಿಬಿಟ್ಟವಳು ಅವ್ವ. "ನನ್ನ ಮಗಳನ್ನೇ ಕೇಳಿ. ನಾಚಿಕೆ ಬಿಟ್ಟೋಳು!" ನೀನು ನನ್ನ ಗುಡಿಸಲಲ್ಲೇ ಮಲಗಿದ್ದೆ ಎಂದು ನಾನು ಅರಚಿಕೊಂಡೆ. "ನೀನು ನಿದ್ದೆ ಹೊಡೆಯೋ ಚೆಂದಕ್ಕೆ ಗುಡಿಸಲೇ ಎದ್ದು ಹೋದ್ರೂ ಗೊತ್ತಾಗಲ್ಲ" ಎಂದು ಜನ ನಕ್ಕರು. ನೀವಿಬ್ಬರೂ ಗಡಿ ದಾಟಿ ಲುಂಡಾಜಿಗೆ ನಡೆದುಬಿಟ್ಟಿರಿ. ನಿನ್ನ ಮೇಲೆ ನನಗೆ ಕೋಪವಿರಲಿಲ್ಲ. ನನ್ನ ಮಾತನ್ನು ಯಾರೂ ನಂಬಲಿಲ್ಲವೆಂಬ ಸಂಕಟ, ಅಷ್ಟೆ.

ಈಗ ಕೇಳು. ನಾನೋ ವಿಧವೆ. ಸೊಸೆಯನ್ನು ಬೆಂಕಿಯಿಡುವ ಮೊದಲೇ ತವರಿಗೆ ಕಳಿಸಿದ್ದೆ. ಆದರೂ ಬೆಟ್ಟದ ಕಡೆಯ ಇಟ್ಟಿಗೆ ಮತ್ತೆ ಹಸಿ!

"ಈಗ ಯಾರಿಗೆ ಬೈತೀಯವ್ವಾ, ನಂಗಾ?" ಎಂದೆ.

ಅವ್ವ ಕೋಲೂರಿಕೊಂಡು ಗೂಡನ್ನು ಸುತ್ತಿದಳು. ಆ ಮಗ್ಗುಲಿಗೆ ಬಂದಾಗ ಬೆಟ್ಟದ ಗಾಳಿಗೆ ಅವಳ ತಲೆವಸ್ತ್ರ ಹಾರಿಹೋಯಿತು. ಎತ್ತಿಕೊಳ್ಳಲೂ ಇಲ್ಲ, ಹಾಗೇ ನಿಂತಳು.

"ಇಲ್ಲಿ ಎಷ್ಟು ದಪ್ಪ ಮಣ್ಣು ಮೆತ್ತಿದ್ದೆ?"

"ಎಲ್ಲಾ ಕಡೆ ಮೆತ್ತಿದಷ್ಟೇ."

ಹಸಿ ಇಟ್ಟಿಗೆಗಳನ್ನು ಮತ್ತೆ ಪೇರಿಸಿ, ಗಾಳಿ ಬೀಸುವ ಮಗ್ಗುಲಿಗೆ ಕಾವು ಹಾರಿಹೋಗದಂತೆ ಒಂದು ಗೇಣು ದಪ್ಪ ಮಣ್ಣು ಮೆತ್ತಿ ಸುಟ್ಟೆವು. ಎಲ್ಲವೂ ಕೆಂಪಗೆ ಬಂದವು. ಬಡಿದರೆ ಠಣ್ ಎನ್ನುತ್ತವೆ. ಅವ್ವ ಒಂದನ್ನು ಮಡಿಲಲ್ಲಿಟ್ಟುಕೊಂಡು ಊರಿನ ಹಿರಿಯರ ಮುಂದೆ ಹೋಗಿ ಕೂತಳು. "ಗಾಳಿ ಕಣ್ರಪ್ಪಾ, ಗಾಳಿ. ನನ್ನ ಮಗಳಲ್ಲ," ಎಂದಳು. ಆ ದಿನ ಅವಳು ಊಟ ಮಾಡಲಿಲ್ಲ.

ಮಳೆ ಹಿಡಿಯುವ ಮೊದಲು ಬಾ ವೇಜಿ. ತಲೆಯೆತ್ತಿಕೊಂಡು ಬಾ. ದೇವರು ನಿನ್ನ ಮನೆಯ ಒಲೆ ಆರದಂತೆ ಕಾಯಲಿ.

ನಿನ್ನ ಅಕ್ಕ,
ಟೊವೆರಾ

ತಾ.ಕ.: ಲುಂಬಾನಿಯ ಮನೆ ಮುಂದಿನ ವರ್ಷಕ್ಕಾಯಿತು. ಈ ಇಟ್ಟಿಗೆ ಅವ್ವನ ಸಮಾಧಿಗೆ. ಹೋದ ತಿಂಗಳು ಜ್ವರ ಬಂದು ತೀರಿಕೊಂಡಳು. ನನ್ನ ಕೈ ಹಿಡಿದು ಹೇಳಿದ್ದಳು: "ಕಾಗದದಲ್ಲಿ ಮೊದಲು ಗಾಳಿ ವಿಷಯ ಬರಿ. ನಾನು ಸತ್ತಿದ್ದು ಕೊನೇಲಿ ಬರಿ. ಇಲ್ಲಾಂದ್ರೆ ನಾನು ಅಂದಿದ್ದ ಆ ಮಾತು ಹೊತ್ಕೊಂಡೇ ಬರ್ತಾಳೆ ನನ್ನ ಮಗಳು." ಸಮಾಧಿಗೆ ಮಕ್ಕಳು ಒಂದೊಂದು ಇಟ್ಟಿಗೆ ಇಡಬೇಕಲ್ಲ, ನನ್ನದು ಇಟ್ಟೆ. ಬೆಟ್ಟದ ಕಡೆಯ ಮಗ್ಗುಲಲ್ಲಿ ನಿನ್ನ ಜಾಗ ಬಿಟ್ಟಿದ್ದೇನೆ.