ಒಂದೂವರೆ ಇಂಚು

ನಿಪ್ಪಾಣಿ,
೧೪ ನವೆಂಬರ್ ೧೯೯೬

ಮೈ ಡಿಯರ್ ಜ್ಞಾನದೇವ,

ಐದು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಮಂಗಸೂಳಿಯಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ತಿಳಿದಿದ್ದೇನೆ. ವಿಷಯ ಸಣ್ಣದು. ನಮ್ಮ ಶೆಡ್ಡನ್ನು ತಂಬಾಕಿನ ವ್ಯಾಪಾರಿಯೊಬ್ಬರಿಗೆ ಕೊಟ್ಟಿದ್ದೇನೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಉಳಿ, ಗರಗಸ ತುಂಬಿದ ನಿನ್ನ ಹತ್ಯಾರಗಳ ಪೆಟ್ಟಿಗೆ ಇನ್ನೂ ಇಲ್ಲೇ ಇದೆ. ಯಾರನ್ನಾದರೂ ಕಳಿಸಿ ತರಿಸಿಕೋ. ದಟ್ಸ್ ಆಲ್.

ದಟ್ಸ್ ಆಲ್ ಎಂದು ಬರೆದ ಮೇಲೆ ಪೆನ್ನು ಕೆಳಗಿಡಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನನ್ನಿಂದ ಆಗುತ್ತಿಲ್ಲ. ಶೆಡ್ಡಿನಲ್ಲಿ ಇನ್ನೂ ಸಾಗವಾನಿ ಹೊಟ್ಟಿನ ವಾಸನೆ. ಎಂಬತ್ತರಲ್ಲಿ 'ನೇಮಿ-ಜ್ಞಾನ ಫರ್ನಿಚರ್ ಡಿಸೈನರ್ಸ್' ಎಂದು ಬೋರ್ಡು ಬರೆಸಿದಾಗ ನೀನು, "ಡಿಸೈನರ್ ಅಂದ್ರ ಬಡಿಗ್ಯಾ ಏನ, ಬಡಿಗ್ಯಾನ ಮಾಲಕ ಏನ?" ಎಂದು ಕೇಳಿದ್ದು ನೆನಪಿದೆಯೇ? ನಾನು ಚಿತ್ರ ಬರೆಯುವವ, ನೀನು ಕೊಯ್ದು ಕೂಡಿಸುವವ. ಹೊಸ ನಮೂನೆಯ ಕುರ್ಚಿ ತಯಾರಾದರೆ ನೀನು ಮೊದಲು ನನ್ನ ಸೋನಾಬಾಯಿಯನ್ನು, ನಿನ್ನ ಅತ್ತಿಗೆಯನ್ನೇ ಕೂಗುತ್ತಿದ್ದೆ: "ವೈನಿ, ಬರ್ರಿ, ಕೂತು ನೋಡ್ರಿ!" ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಕೂತು, "ಛಲೋ ಐತಿ ಬಿಡ್ರಿ" ಎನ್ನುವಳು. ಮನೆಯ ಹೆಣ್ಣುಮಗಳು ಮೊದಲು ಕೂತರೆ ಶುಭವೆಂದು ನೀನು ಹೀಗೆ ಮಾಡುತ್ತೀಯೆಂದು ತಿಳಿದಿದ್ದೆ.

ಆಮೇಲೆ ಬಂತಲ್ಲ, ಅಥಣಿಯ ತಾತ್ಯಾಸಾಹೇಬರ ಹನ್ನೆರಡು ಕುರ್ಚಿಗಳ ಆರ್ಡರು. ಅವರು ನೋಡಲು ಬಂದ ದಿನ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಯಾರಾದ ಕುರ್ಚಿಗೆ ನಾನೇ ಟೇಪು ಹಿಡಿದೆ. ನೆಲದಿಂದ ಕೂರುವ ಹಲಗೆಗೆ ಹದಿನೆಂಟು ಇಂಚು ಎತ್ತರ ಬರೆದುಕೊಟ್ಟಿದ್ದೆ, ಹದಿನಾರೂವರೆ ಇತ್ತು. ಗಿರಾಕಿಯ ಎದುರೇ ಕೂಗಾಡಿದೆ: "ನನ್ನ ಡ್ರಾಯಿಂಗ್ ತಿದ್ದಾಕ ನೀ ಯಾಂವಲೇ? ಇದು ಇಂಗ್ಲಿಷ್ ಬುಕ್ಕಿನ ಪ್ರಪೋರ್ಷನ್!"

ನೀನು ಸಾವಕಾಶವಾಗಿ, "ನೇಮಣ್ಣ, ಬುಕ್ಕಿನಾಗ ಯಾರೂ ಕೂಡಂಗಿಲ್ಲ. ಇವರ ಅವ್ವ ಕೂಡ್ತಾಳ" ಎಂದೆ. ತಾತ್ಯಾಸಾಹೇಬರು ನಕ್ಕುಬಿಟ್ಟರು. ಆ ನಗುವನ್ನು ನನಗೆ ನುಂಗಲಾಗಲಿಲ್ಲ. "ಹೊರಗ ನಡಿ" ಎಂದೆ. ನೀನು ಪೆಟ್ಟಿಗೆಯನ್ನೂ ಮುಟ್ಟದೆ ನಡೆದೆ.

ಅದೇ ಸಿಟ್ಟಿನಲ್ಲಿ ಬೇರೊಬ್ಬ ಬಡಿಗನಿಂದ ಸರಿಯಾಗಿ ಹದಿನೆಂಟು ಇಂಚಿನ ಕುರ್ಚಿ ಮಾಡಿಸಿ ಸೋನಾಬಾಯಿಗೆ ಕೊಟ್ಟೆ. "ಛಂದ ಐತ್ರಿ. ಖರೆ ನನ್ನ ಕಾಲಿಗೆ ನೆಲ ಸಿಗವಲ್ದು" ಎಂದಳು. "ರೂಢಿ ಆಗ್ತೈತಿ" ಎಂದೆ. ಕೊನೆಯತನಕ ಅಡುಗೆಮನೆಯ ಮಣೆಯನ್ನು ಕಾಲ ಕೆಳಗಿಟ್ಟುಕೊಂಡೇ ಕೂತಳು.

ಅವಳು ಹೋಗಿ ಎಂಟು ತಿಂಗಳಾಯಿತು. ಮೂರನೆಯ ದಿನ ನೀನು ಬಂದು ಅಂಗಳದಲ್ಲಿ ನಿಂತಿದ್ದೆ. ನಾನು ಮನೆಯಲ್ಲಿಲ್ಲವೆಂದು ಹೇಳಿಸಿದೆ. ಒಳಗೇ ಇದ್ದೆ, ಜ್ಞಾನು. ಆ ಕುರ್ಚಿಯ ಪಕ್ಕದಲ್ಲೇ.

ಮೊನ್ನೆ ನಿನ್ನ ಪೆಟ್ಟಿಗೆ ತೆರೆದೆ. ಉಳಿಗಳ ಕೆಳಗೆ ಒಂದು ಸಾಗವಾನಿ ಪಟ್ಟಿ. ಅದರ ಮೇಲೆ ಒಂದೇ ಗೀಟು. ಪಕ್ಕದಲ್ಲಿ ಮರಾಠಿಯಲ್ಲಿ ನಿನ್ನ ಅಕ್ಷರ: ವೈನಿ. ಟೇಪು ಹಿಡಿದೆ. ಹದಿನಾರೂವರೆ. ಅವಳು ಕೂತಾಗಲೆಲ್ಲ ನೀನು ಕುರ್ಚಿಯನ್ನು ನೋಡದೆ, ನೆಲಕ್ಕೂರಿದ ಅವಳ ಹಿಮ್ಮಡಿ ನೋಡುತ್ತಿದ್ದದ್ದು ಆಗ ನೆನಪಾಯಿತು. ಅಂದರೆ ಚಿಕ್ಕೋಡಿಯಿಂದ ಕಾಗವಾಡದ ತನಕ ನಾವು ಮಾಡಿಕೊಟ್ಟ ಕುರ್ಚಿಗಳೆಲ್ಲ ಅವಳ ಕಾಲಳತೆಯವು. ಅವಳದೊಂದನ್ನು ಬಿಟ್ಟು.

ಇಂಥ ಪತ್ರದ ಕೊನೆಗೆ ಬರೆಯಲು ಒಂದು ದೊಡ್ಡ ಇಂಗ್ಲಿಷ್ ಶಬ್ದ ಕಲಿಸಿದ್ದರು. ನೆನಪಾಗುತ್ತಿಲ್ಲ. ತಪ್ಪು ನನ್ನದು.

ನಿನ್ನ,
ನೇಮಿನಾಥ

ತಾ.ಕ.: ಪೆಟ್ಟಿಗೆಗೆ ಯಾರನ್ನೂ ಕಳಿಸಬೇಡ. ಅದರಲ್ಲಿದ್ದ ಗರಗಸದಿಂದ ನಿನ್ನೆ ಅವಳ ಕುರ್ಚಿಯ ಕಾಲುಗಳನ್ನು ಒಂದೂವರೆ ಇಂಚು ಕೊಯ್ದೆ. ಎಷ್ಟಾದರೂ ಪೆನ್ಸಿಲ್ ಹಿಡಿದ ಕೈ; ಒಂದು ಕಾಲು ಗಿಡ್ಡವಾಗಿದೆ, ಕುರ್ಚಿ ಅಲುಗಾಡುತ್ತಿದೆ. ನಾಲ್ಕೂ ಸಮ ಮಾಡಲು ನೀನೇ ಬರಬೇಕು.