ಬ್ರೇಕ್ ಕ್ಲೀನರ್ ಹೊಡೆದ ರೈಫಲ್

ಅಪ್ಪಾ,

ತಾತನ ರೈಫಲನ್ನು ಇವತ್ತು ಬಂದೂಕು ರಿಪೇರಿಯ ಓರಿನ್ ಹತ್ತಿರ ಒಯ್ದಿದ್ದೆ. ಹಿಡಿಯ ಮೇಲೆ ಬೆರಳಾಡಿಸಿದವನೇ ಸಿಡುಕಿದ: "ಇದಕ್ಕೆ ಬ್ರೇಕ್ ಕ್ಲೀನರ್ ಹೊಡೆದಿದಾರೆ, ರೋಂಡಾ. ಕಬ್ಬಿಣದ ಜಿಡ್ಡಿನ ಜೊತೆ ಮರದ ವಾರ್ನಿಷೂ ಕಿತ್ತುಬಂದಿದೆ."

ಟ್ರಕ್ಕಿನ ಬ್ರೇಕ್ ತೊಳೆಯಲು ತಂದ ಆ ಸ್ಪ್ರೇ ಡಬ್ಬಿಯನ್ನು ನಿನ್ನ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಅವತ್ತು ಹಿಡಿಯ ವಾರ್ನಿಷ್ ಹೋದದ್ದು ಕಂಡಾಗ, "ಮಳೇಲಿ ನೆನೆಸಿ ಹಾಳು ಮಾಡಿದ್ದು ಇವಳೇ," ಅಂತ ಎಲ್ಲರೆದುರು ನನ್ನನ್ನು ತೋರಿಸಿದೆ. ನನಗಾಗ ಹದಿನಾಲ್ಕು. ಆಮೇಲೆ ಒಂದು ಸಲವೂ ನನ್ನನ್ನು ಎಲ್ಕ್ ಜಿಂಕೆಗಳ ಬೇಟೆಗೆ ಕರೆದೊಯ್ಯಲಿಲ್ಲ. ಸಾಯುವವರೆಗೂ ನಿಜ ಹೇಳಲಿಲ್ಲ, ಹೇಡಿ.

"ನಿಮ್ಮಪ್ಪ ಅಂಥ ದಡ್ಡನಲ್ಲ. ಯಾರ ಘನಕಾರ್ಯ ಇದು?" ಅಂತ ಓರಿನ್ ಕೇಳಿದ.

"ನಂದೇ," ಅಂದುಬಿಟ್ಟೆ.

ಯಾಕೆ ಹಾಗಂದೆನೋ! ಮನೆ ಮುಟ್ಟುವವರೆಗೂ ನಿನ್ನನ್ನೂ ನನ್ನನ್ನೂ ಬೈಯುತ್ತಲೇ ಟ್ರಕ್ ಓಡಿಸಿದೆ.

ರೋಂಡಾ